ಹೆಸರು, ಕಸುಬು, ಆರು ನಿಮಿಷ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಮಾತಿಗೆ ಬರ ಇಲ್ಲ. ಬಸ್ ಸ್ಟ್ಯಾಂಡ್, ಚಹಾದಂಗಡಿ, ಗುಡಿಕಟ್ಟೆ, ಹಿಟ್ಟಿನ ಗಿರಣಿ, ಕಟಿಂಗ್ ಅಂಗಡಿ, ಎಲ್ಲಿ ನಿಂತರೂ ಮಾತು ಕಿವಿಗೆ ಬೀಳುತ್ತದೆ. ಆದರೆ ಹತ್ತು ನಿಮಿಷ ನಿಂತು, ಯಾರ ಜೊತೆ ಯಾರು ಮಾತಾಡುತ್ತಾರೆ ಅಂತ ನೋಡಿ. ಮೇಷ್ಟ್ರು ಮೇಷ್ಟ್ರ ಜೊತೆ. ದಲಾಲರು ದಲಾಲರ ಜೊತೆ. ಓಣಿಯವರು ಓಣಿಯವರ ಜೊತೆ. ಬೇರೆಯವರ ಜೊತೆ ಆಡುವ ಮಾತು ಅಂದರೆ ರೇಟು, ಕೂಲಿ, ಟಿಕೆಟ್ಟು, ಅರ್ಜಿ. ಕೆಲಸ ಮುಗಿದರೆ ಮಾತೂ ಮುಗಿಯಿತು.

ಗ್ರಾಮಸಭೆಯಲ್ಲೂ ಇದೇ ಕಥೆ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದು ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಅಲ್ಲಿ ಎದ್ದು ನಿಂತು ಮಾತಾಡಬಹುದು. ಆದರೆ ನಾವು ವರದಿಗೆ ಹೋದ ಸಭೆಗಳಲ್ಲಿ ಮೈಕು ಮುಂದಿನ ಎರಡು ಸಾಲು ದಾಟಿ ಹಿಂದೆ ಹೋಗಿದ್ದು ಬಹಳ ಕಡಿಮೆ. ಹಿಂದೆ ಗೋಡೆಗೆ ಒರಗಿ ನಿಂತ ಹೆಣ್ಣುಮಕ್ಕಳು ಸಭೆ ಮುಗಿದ ಮೇಲೆ ನಮ್ಮ ಹತ್ತಿರ ಬಂದು, "ಸರ್, ಇದನ್ನೊಂದು ಬರೀರಿ" ಅಂತ ಮೆಲ್ಲಗೆ ಹೇಳಿ ಹೋಗುತ್ತಾರೆ.

ನಾವು ಅಂದರೆ ಮೂವರು. ಪತ್ರಿಕೋದ್ಯಮ ಡಿಪ್ಲೊಮಾವನ್ನು ಒಂದೇ ಬೆಂಚಿನಲ್ಲಿ ಕೂತು ಮುಗಿಸಿದವರು. ಈಗ ಮೂವತ್ತು ದಾಟಿದೆ. ಮೂರು ಬೇರೆ ಬೇರೆ ಪತ್ರಿಕೆಗಳಿಗೆ ಜಿಲ್ಲೆಯಿಂದ ಸುದ್ದಿ ಕಳಿಸುತ್ತೇವೆ. ಕಚೇರಿ ಭಾಷೆಯಲ್ಲಿ ನಮಗೆ ಸ್ಟ್ರಿಂಗರ್ ಅನ್ನುತ್ತಾರೆ. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಲೆಕ್ಕ. ಅದು ಸಾಲದ್ದಕ್ಕೆ ಒಬ್ಬರು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಒಬ್ಬರು ಟ್ಯೂಷನ್ ಹೇಳುತ್ತಾರೆ, ಒಬ್ಬರು ವಿಮೆ ಏಜೆಂಟ್. ಬರೆಯುವ ಕೈ ಒಂದೇ ಆದರೂ ಇಲ್ಲಿರುವ ಮಾತು ಮೂವರದ್ದೂ ಹೌದು.

ನಮ್ಮ ಕೆಲಸದಲ್ಲಿ ದಿನಕ್ಕೆ ಇಪ್ಪತ್ತು ಜನ ಸಿಗುತ್ತಾರೆ. ಆದರೆ ಸುದ್ದಿಯಲ್ಲಿ ಅವರಿಗೆ ಒಂದೊಂದೇ ಹೆಸರು. ಗಾಯಾಳು, ಫಲಾನುಭವಿ, ಪ್ರತಿಭಟನಕಾರರು, ಗ್ರಾಮಸ್ಥರು. ಮೊಬೈಲ್ ಮುಂದೆ ಹಿಡಿದು "ಎರಡೇ ಮಾತಿನಾಗ ಹೇಳ್ರಿ" ಅನ್ನುವುದು ಈ ಕಸುಬಿನ ಪದ್ಧತಿ. ಜಾಗ ಅಷ್ಟೇ ಇರುತ್ತದೆ. ಎರಡು ಮಾತಿನ ಆಚೆ ಆ ಮನುಷ್ಯರ ಹತ್ತಿರ ಏನಿದೆ ಅಂತ ತಿಳಿಯಲು ನಮಗೆ ಒಂದು ಭಾಷಣ ಕೂಟ ಬೇಕಾಯಿತು.

ಮೂರು ಬಣ್ಣದ ಬಟ್ಟೆ

ಭಾಷಣ ಕಲಿಯುವ ಕೂಟ ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಎಂಬ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಎಂಬುವರು 1924ರ ಅಕ್ಟೋಬರ್ 22ರಂದು ಅಂಥದ್ದೊಂದನ್ನು ಶುರು ಮಾಡಿದರು. ಅದೇ ಇವತ್ತಿನ ಟೋಸ್ಟ್‌ಮಾಸ್ಟರ್ಸ್. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದರ ಕ್ಲಬ್‌ಗಳು ಇವೆ. ನಮ್ಮ ಗೆಳೆಯರೊಬ್ಬರು ಅಲ್ಲಿ ಕೆಲಸದಲ್ಲಿದ್ದಾಗ ಹೋಗುತ್ತಿದ್ದರು. ಊರಿಗೆ ಮರಳಿದ ಮೇಲೆ ಅದರ ಪದ್ಧತಿಯನ್ನು ನಮಗೆ ಹೇಳಿಕೊಟ್ಟರು.

ಪದ್ಧತಿ ಸರಳ. ಮೊದಲ ಸಲ ಮಾತಾಡುವವರು ತಮ್ಮ ಬಗ್ಗೆಯೇ ಮಾತಾಡಬೇಕು. ನಾಲ್ಕು ನಿಮಿಷಕ್ಕೆ ಹಸಿರು ದೀಪ, ಐದಕ್ಕೆ ಹಳದಿ, ಆರಕ್ಕೆ ಕೆಂಪು. ಕೆಂಪು ಬಂದರೆ ಮುಗಿಸಬೇಕು. ಸಮಯ ನೋಡಲು ಒಬ್ಬರು. "ಆಂ, ಊಂ" ಎಣಿಸಲು ಒಬ್ಬರು. ಕೊನೆಗೆ ಒಬ್ಬರು ಎದ್ದು, ಭಾಷಣ ಹೇಗಿತ್ತು ಅಂತ ಎರಡು ಮೂರು ನಿಮಿಷದಲ್ಲಿ ವಿಮರ್ಶೆ ಮಾಡಬೇಕು. ಈ ಕೆಲಸಗಳು ಸರದಿಯಲ್ಲಿ ಎಲ್ಲರಿಗೂ ಬರುತ್ತವೆ.

ಆ ಸಂಸ್ಥೆಯ ಸದಸ್ಯತ್ವದ ಶುಲ್ಕ ಡಾಲರ್ ಲೆಕ್ಕದ್ದು, ನಮ್ಮ ಜೇಬಿಗೆ ಆಗದ್ದು. ಹೀಗಾಗಿ ಹೆಸರು, ಬೋರ್ಡು ಏನೂ ಇಲ್ಲದೆ ನಮ್ಮದೇ ಒಂದು ಕೂಟ ಮಾಡಿಕೊಂಡೆವು. ಟ್ಯೂಷನ್ ಕೇಂದ್ರದ ಮೇಲ್ಮಹಡಿ ಭಾನುವಾರ ಖಾಲಿ ಇರುತ್ತದೆ. ತಿಂಗಳಿಗೆ ಎರಡು ಭಾನುವಾರ ಅಲ್ಲಿ ಸೇರುವುದು. ದೀಪದ ಬದಲು ಟೈಲರ್ ಚಾಚಾ ಕೊಟ್ಟ ಹಸಿರು, ಹಳದಿ, ಕೆಂಪು ಬಟ್ಟೆ ತುಂಡು. "ಆಂ, ಊಂ" ಎಣಿಸಲು ಒಂದು ಸ್ಟೀಲ್ ಬಟ್ಟಲು, ಒಂದು ಹಿಡಿ ಹುಣಸೆಬೀಜ. ಯಾರಾದರೂ "ಅದು ಏನಪಾ ಅಂದ್ರ", "ಹಂಗಾಗಿ", "ಆಮ್ಯಾಗ" ಅಂತ ಸುಮ್ಮಸುಮ್ಮನೆ ಎಳೆದರೆ ಬಟ್ಟಲಿಗೆ ಒಂದು ಬೀಜ. ಟಣ್ ಅನ್ನುವ ಸಪ್ಪಳಕ್ಕೆ ಮಾತಾಡುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ತಲೆಗೆ 20 ರೂಪಾಯಿ. ಅದರಲ್ಲಿ ಚಹಾ, ಗಿರ್ಮಿಟ್ಟು, ಮಿರ್ಚಿ.

ಒಂದು ಮಾತು. ಮೊದಲು ಸಂಜೆ 5ಕ್ಕೆ ಸೇರುತ್ತಿದ್ದೆವು. ಬರುತ್ತಿದ್ದವರೆಲ್ಲ ಊರೊಳಗಿನ ಗಂಡಸರೇ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿದರು. ಸಮಯವನ್ನು ಮಧ್ಯಾಹ್ನ 3ಕ್ಕೆ ಮಾಡಿದ ಮೇಲೆ ಆರು ಜನ ಹೆಣ್ಣುಮಕ್ಕಳು ಬಂದರು. "ಎಲ್ಲರಿಗೂ ಸ್ವಾಗತ" ಅಂತ ಬೋರ್ಡು ಬರೆಸುವುದಕ್ಕಿಂತ ಬಸ್ಸಿನ ವೇಳೆ ನೋಡುವುದು ಹೆಚ್ಚು ಕೆಲಸ ಮಾಡಿತು.

ಯಾರ್‍ಯಾರು ಬಂದರು

ಹೆಸರು ಬರೆಯುವುದಿಲ್ಲ. ಅವರೇ ಬೇಡ ಅಂದಿದ್ದಾರೆ. ಯಾವ ಊರು ಅಂತಲೂ ಬರೆಯುವುದಿಲ್ಲ.

ಸಾರಿಗೆ ಬಸ್ಸಿನ ಕಂಡಕ್ಟರ್ ಅಣ್ಣ ಬಂದರು. ದಿನಾ ನೂರಾರು ಜನರ ಮುಂದೆ ಮಾತಾಡುವ ಮನುಷ್ಯ ಭಾಷಣ ಕಲಿಯಲು ಯಾಕೆ ಬಂದರು ಅಂತ ನಮಗೆ ಆಶ್ಚರ್ಯ. "ನಾ ದಿನಾ ಮಾತಾಡೂದು ಅಲ್ರೀ, ಒದರೂದು" ಅಂದರು. ಅವರ ಮೊದಲ ಆರು ನಿಮಿಷ ಶಕ್ತಿ ಯೋಜನೆಯ ಮೇಲೆ. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತ ಆಯಿತಲ್ಲ. ಉಚಿತ ಅಂದರೂ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಬಸ್ಸು ತುಂಬಿ ಕಾಲಿಡಲು ಜಾಗ ಇಲ್ಲದಾಗ ಒಬ್ಬರದ್ದು ತಪ್ಪಿದರೂ ತಪಾಸಣೆಗೆ ಬಂದವರಿಗೆ ಉತ್ತರ ಹೇಳಬೇಕಾದವರು ಕಂಡಕ್ಟರ್. "ನಾವು ಸಿಟ್ಟಿಲೆ ಆಧಾರ್ ಕಾರ್ಡ್ ಕೇಳ್ತೀವಿ ಅಂತ ಅನ್ಕೋತೀರಿ. ನಮಗ ಅಂಜಿಕಿ ಇರ್ತದ" ಅಂದರು.

ಆ ದಿನ ವಿಮರ್ಶೆಗೆ ಎದ್ದವರು ಒಬ್ಬ ಅಂಗನವಾಡಿ ಟೀಚರ್. "ಅಣ್ಣಾರ, ನೀವು ಅಂಜೀರಿ ಅಂತ ನನಗ ಇವತ್ತ ಗೊತ್ತಾತು. ನೀವು ಒದರಿದಾಗ ನಾವೂ ಅಂಜಿರ್ತೀವಿ ಅನ್ನೂದು ನಿಮಗ ಗೊತ್ತಿರಲಿ" ಅಂದರು. ಎರಡೂ ಕಡೆ ಅಂಜಿಕೆ. ಒಂದೇ ಬಸ್ಸಿನಲ್ಲಿ ದಿನಾ ಓಡಾಡುವ ಇಬ್ಬರಿಗೆ ಇದು ಗೊತ್ತಾಗಲು ಒಂದು ಭಾನುವಾರ ಬೇಕಾಯಿತು.

ಟೈಲರ್ ಚಾಚಾ ಸವಣೂರು ಕಡೆಯವರು, ಮನೆಯಲ್ಲಿ ಉರ್ದು ಮಾತು. ರಾಜ್ಯೋತ್ಸವದ ದಿನ ಕನ್ನಡದಲ್ಲಿ ಐದು ನಿಮಿಷ ಮಾತಾಡಬೇಕು ಅನ್ನುವುದು ಅವರ ಬಹಳ ವರ್ಷದ ಆಸೆ. ಉಚ್ಚಾರ ತಪ್ಪಿದರೆ ಜನ ನಗುತ್ತಾರೆ ಅನ್ನುವ ಅಳುಕು. ಅವರು ಆರಿಸಿಕೊಂಡ ವಿಷಯ ಶಿಶುನಾಳ ಶರೀಫರು ಮತ್ತು ಗುರು ಗೋವಿಂದ ಭಟ್ಟರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು, ಇಬ್ಬರೂ ನಮ್ಮ ಈ ನೆಲದವರೇ. ಶಿಶುನಾಳ ಇರುವುದು ಶಿಗ್ಗಾವಿ ತಾಲ್ಲೂಕಿನಲ್ಲಿ. ಚಾಚಾ ಬಾಯಲ್ಲಿ ಆ ಕಥೆ ಮುಗಿಯುವಾಗ ಬಟ್ಟಲಲ್ಲಿ ಎರಡೇ ಬೀಜ ಇದ್ದವು. ಅಲ್ಲಿವರೆಗೆ ಯಾರೂ ಅಷ್ಟು ಕಡಿಮೆ ಮಾಡಿರಲಿಲ್ಲ.

ನಿವೃತ್ತ ಹೆಡ್‌ಮಾಸ್ತರರೊಬ್ಬರು ಭಾಷೆ ತಿದ್ದುವ ಕೆಲಸ ವಹಿಸಿಕೊಂಡರು. "ಮಾಡಾಕತ್ತೇನಿ" ಅಂದರೆ ಕೆಂಪು ಪೆನ್ನು. "ಮಾಡುತ್ತಿದ್ದೇನೆ" ಅನ್ನಬೇಕು ಅಂತ. ನಾಲ್ಕು ವಾರ ಆಗುವುದರಲ್ಲಿ ಮೂವರು ಹೆಣ್ಣುಮಕ್ಕಳು ಮಾತು ನಿಲ್ಲಿಸಿದರು. ಕೊನೆಗೆ ಕಂಡಕ್ಟರ್ ಅಣ್ಣನೇ ಕೇಳಿದರು, "ಸರ್, ತಪ್ಪು ಎಷ್ಟು ಅಂತ ಎಣಿಸ್ತೀರಿ. ಚಲೋ ಶಬ್ದ ಎಷ್ಟು ಬಂದು ಅಂತ ಯಾಕ ಎಣಿಸಂಗಿಲ್ಲ?" ಹೆಡ್‌ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದು, ಪುಸ್ತಕದ ಹೊಸ ಹಾಳೆ ತೆಗೆದರು. ಈಗ ಅವರ ಹತ್ತಿರ ಒಂದು ದೊಡ್ಡ ಪಟ್ಟಿ ಇದೆ. ಅಡುಗೆಮನೆಯ, ಹೊಲದ, ಮಗ್ಗದ, ಕುಲುಮೆಯ ಶಬ್ದಗಳು. ನಲವತ್ತು ವರ್ಷ ಕನ್ನಡ ಕಲಿಸಿದ ತಮಗೆ ಇವುಗಳಲ್ಲಿ ಎಷ್ಟೋ ಗೊತ್ತಿರಲಿಲ್ಲ ಅಂತ ಅವರೇ ಹೇಳುತ್ತಾರೆ.

ಅಡ್ಡಹೆಸರಿನ ಮಾತು

ನಮ್ಮ ಕಡೆ ಅಡ್ಡಹೆಸರು ಹೇಳಿದರೆ ಸಾಕು, ಓಣಿ ಯಾವುದು, ಜಾತಿ ಯಾವುದು ಅಂತ ತಿಳಿದುಹೋಗುತ್ತದೆ. ಅದು ತಿಳಿದ ಮೇಲೆ ದನಿಯೂ ಬದಲಾಗುತ್ತದೆ, ಕುರ್ಚಿಯೂ ಬದಲಾಗುತ್ತದೆ. ಹೀಗಾಗಿ ಕೂಟದಲ್ಲಿ ಒಂದು ನಿಯಮ ಮಾಡಿದ್ದೆವು. ಹೆಸರು ಹೇಳಿ, ಕಸುಬು ಹೇಳಿ, ಅಡ್ಡಹೆಸರು ಬೇಡ. ಎಲ್ಲರಿಗೂ ಒಪ್ಪಿಗೆ ಆಗಿತ್ತು.

ಐದಾರು ಸಭೆ ಆದ ಮೇಲೆ ಒಬ್ಬ ಅತಿಥಿ ಉಪನ್ಯಾಸಕರು ಇದೇ ನಿಯಮದ ಮೇಲೆ ಭಾಷಣ ಮಾಡಿದರು. ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಮೊದಲು ತಮ್ಮ ಪೂರ್ತಿ ಹೆಸರು ಹೇಳಿದರು, ಅಡ್ಡಹೆಸರಿನ ಸಮೇತ. ಕೊಠಡಿ ಗಪ್ಪಾಯಿತು. ಊರ ಹೊರಗಿನ ಕೇರಿಯ ಹೆಸರು ಅದು.

"ಈ ನಿಯಮ ಯಾರಿಗೆ ಅನುಕೂಲ ಅಂತ ವಿಚಾರ ಮಾಡ್ರಿ" ಅಂದರು. "ನನ್ನ ಅಡ್ಡಹೆಸರು ಮುಚ್ಚಿಟ್ರ ನಿಮಗ ಆರಾಮ. ನೀವು ಯಾರ ಪಕ್ಕ ಕುಂತೀರಿ ಅಂತ ನಿಮಗ ಗೊತ್ತಾಗೂದಿಲ್ಲ. ನನಗ ಏನು ಆರಾಮ? ನಾ ಆರು ನಿಮಿಷ ಬ್ಯಾರೆ ಯಾರೋ ಆಗಿ ನಿಂತಂಗ."

ಆಮೇಲೆ ಅವರು ಎರಡು ಉದಾಹರಣೆ ಕೊಟ್ಟರು. ಒಂದು ದೂರದ್ದು. ಟೋಸ್ಟ್‌ಮಾಸ್ಟರ್ಸ್‌ನಲ್ಲಿ 1973ರವರೆಗೆ ಹೆಣ್ಣುಮಕ್ಕಳಿಗೆ ಸದಸ್ಯತ್ವವೇ ಇರಲಿಲ್ಲ. ಹೆಲೆನ್ ಬ್ಲಾಂಚರ್ಡ್ ಎಂಬ ಹೆಣ್ಣುಮಗಳು 1970ರಲ್ಲಿ ಹೋಮರ್ ಎಂಬ ಗಂಡು ಹೆಸರಿನಲ್ಲಿ ಒಳಗೆ ಸೇರಿದರು. ಮುಂದೆ 1985ರಲ್ಲಿ ಅವರೇ ಇಡೀ ಸಂಸ್ಥೆಗೆ ಅಧ್ಯಕ್ಷರಾದರು, ಆ ಜಾಗಕ್ಕೆ ಬಂದ ಮೊದಲ ಹೆಣ್ಣುಮಗಳು. "ಅಧ್ಯಕ್ಷರಾಗಿದ್ದು ಹೋಮರ್ ಅಲ್ಲ, ಹೆಲೆನ್" ಅಂದರು.

ಇನ್ನೊಂದು ನಮ್ಮ ಜಿಲ್ಲೆಯದ್ದೇ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಚೌಡಯ್ಯದಾನಪುರ ಇದೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಹನ್ನೆರಡನೇ ಶತಮಾನದ ಶರಣರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ. "ಅವರು ಕಸುಬು ಮುಚ್ಚಿಟ್ಟು ಅನುಭವ ಮಂಟಪಕ್ಕ ಹೋಗಲಿಲ್ರೀ. ಕಸುಬನ್ನ ಹೆಸರಿನ ಮುಂದ ಇಟ್ಕೊಂಡು ಹೋದ್ರು. ದೋಣಿ ನಡೆಸಾಂವ, ಬಟ್ಟಿ ಒಗಿಯಾಂವ, ಬುಟ್ಟಿ ಹೆಣಿಯಾಂವ, ಚರ್ಮ ಹದ ಮಾಡಾಂವ, ಅಕ್ಕಿ ಆರಿಸೋ ಹೆಣ್ಮಗಳು. ನಾ ಕೇಳೂದು ಇಷ್ಟ. ನನ್ನ ಪೂರಾ ಹೆಸರು ಕೇಳಿದ ಮ್ಯಾಲೂ ನೀವು ಇದೇ ಕುರ್ಚಿ ಮ್ಯಾಲ ಕುಂದ್ರತೀರಿ?"

ಕೆಂಪು ಬಟ್ಟೆ ಏರಿತು. ಅವರು ಕೂತರು.

ನಿಯಮ ಬದಲಾಯಿತು. ಹೆಸರು ಎಷ್ಟು ಹೇಳಬೇಕು ಅನ್ನುವುದು ಈಗ ಅವರವರಿಗೆ ಬಿಟ್ಟದ್ದು. ಯಾರೂ ಕೇಳುವಂತಿಲ್ಲ, ಯಾರೂ ತಡೆಯುವಂತಿಲ್ಲ.

ಎಲ್ಲವೂ ಚೆನ್ನಾಗಿ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮುಂದಿನ ತಿಂಗಳು ಒಬ್ಬ ಹಿರಿಯರ ಭಾಷಣಕ್ಕೆ ಇದೇ ಉಪನ್ಯಾಸಕರ ವಿಮರ್ಶೆಯ ಸರದಿ ಬಂತು. ಆ ಹಿರಿಯರು ಅಂದು ಬರಲಿಲ್ಲ, ಮತ್ತೆ ಎಂದೂ ಬರಲಿಲ್ಲ. ನಮಗೆ ಹೇಳಿದ್ದು ವೇಳೆ ಸಿಗುತ್ತಿಲ್ಲ ಅಂತ. ಚಹಾದಂಗಡಿಯಲ್ಲಿ ಹೇಳಿದ್ದು, "ನನ್ನ ಮಾತು ತೂಗಾಕ ಅವ ಯಾರು" ಅಂತ. ಎರಡೂ ನಮ್ಮ ಕಿವಿಗೆ ಬಿದ್ದವು. ಅವರ ಕುರ್ಚಿಯಲ್ಲಿ ಈಗ ಪಿಯುಸಿ ಓದುವ ಹುಡುಗಿಯೊಬ್ಬಳು ಕೂರುತ್ತಾಳೆ.

ಮೆಣಸಿನಕಾಯಿ ಮತ್ತು ನೀರು

ಬ್ಯಾಡಗಿ ಮೆಣಸಿನಕಾಯಿ ನಿಮಗೆಲ್ಲ ಗೊತ್ತು. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಕಾಯಿಯಿಂದ ಓಲಿಯೊರೆಸಿನ್ ಅನ್ನುವ ಗಟ್ಟಿ ಎಣ್ಣೆ ತೆಗೆಯುತ್ತಾರೆ. ಅದರ ಕೆಂಪು ಬಣ್ಣ ತಿನಿಸಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಅದಕ್ಕೂ ಮೊದಲು ಕಾಯಿಯ ತುಂಬು ಬಿಡಿಸಬೇಕು. ಸೀಸನ್ನಿನಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ.

ನಮ್ಮ ಕೂಟಕ್ಕೆ ಬರುವ ಅಕ್ಕ ಒಬ್ಬರು ತುಂಬು ಬಿಡಿಸುವ ಕೆಲಸದವರು. ಸ್ವಸಹಾಯ ಸಂಘದ ಪ್ರತಿನಿಧಿ ಆಗಿದ್ದರು. ಬ್ಯಾಂಕಿನ ಮ್ಯಾನೇಜರ್ ಮುಂದೆ ನಿಂತು ಸಾಲದ ಮಾತಾಡಬೇಕು, ಬಾಯಿ ಒಣಗುತ್ತದೆ, ಅದಕ್ಕೆ ಬಂದೆ ಅಂದಿದ್ದರು. ಮೊದಲ ಮೂರು ಸಭೆ ಗೋಡೆ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. "ನನಗ ಮಾತಾಡಾಕ ಬರಂಗಿಲ್ರೀ" ಅನ್ನುವುದೇ ಮಾತು.

ಅದೇ ಕೂಟಕ್ಕೆ ಒಬ್ಬ ದಲಾಲಿ ಅಂಗಡಿಯವರ ಮಗನೂ ಬರುತ್ತಿದ್ದರು. ಹುಬ್ಬಳ್ಳಿಯಲ್ಲಿ ಎಂಬಿಎ ಓದಿ ಬಂದವರು, ನಮಗಿಂತ ಸಣ್ಣವರು. ವ್ಯಾಪಾರಸ್ಥರ ಸಭೆಯಲ್ಲಿ ಹಿರಿಯರ ಮುಂದೆ ಮಾತಾಡಲು ಧೈರ್ಯ ಬೇಕು ಅಂತ ಬಂದಿದ್ದರು. ಅಕ್ಕ ಸೀಸನ್ನಿನಲ್ಲಿ ಕೆಲಸ ಮಾಡುವುದು ಇವರದೇ ಗೋದಾಮಿನಲ್ಲಿ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಿರಲಿಲ್ಲ. ನಾಲ್ಕು ತಿಂಗಳು ಎರಡು ಕುರ್ಚಿಯ ಅಂತರದಲ್ಲಿ ಕೂತು ಒಬ್ಬರಿಗೊಬ್ಬರು ಮಾತಾಡಿರಲಿಲ್ಲ.

ನಮ್ಮ ಕೂಟದಲ್ಲಿ ವಿಮರ್ಶೆಗೆ ಒಂದು ಹೆಚ್ಚಿನ ನಿಯಮ ಇದೆ. ಹೆಡ್‌ಮಾಸ್ತರರು ಸೇರಿಸಿದ್ದು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅನ್ನುವ ಮೊದಲು, ಏನು ಕೇಳಿದಿರಿ ಅನ್ನುವುದನ್ನು ನಿಮ್ಮ ಬಾಯಿಂದ ಹೇಳಬೇಕು. ಮಾತಾಡಿದವರು "ಹೌದು, ನಾ ಹೇಳಿದ್ದು ಅದ" ಅಂದ ಮೇಲೆ ಮುಂದಿನದು.

ಒಂದು ಭಾನುವಾರ ಅಕ್ಕ ಎದ್ದರು. ವಿಷಯ ಮೆಣಸಿನಕಾಯಿ. ಕೈ ಉರಿಯುವುದು, ರಾತ್ರಿ ಕೂಸನ್ನು ಮುಟ್ಟಲು ಹೆದರಿಕೆ ಆಗುವುದು, ಸೀನು ಬಂದರೆ ಸಾಲಿಗೆ ಸಾಲೇ ಸೀನುವುದು, ಇದನ್ನೆಲ್ಲ ನಗಿಸುತ್ತಲೇ ಹೇಳಿದರು. ಹಸಿರು ಬಟ್ಟೆ ಏರಿತು. ಆಗ ದನಿ ಸಣ್ಣದಾಯಿತು.

"ಮುಂಜಾನೆ ಹೋದ್ರ ಸಂಜಿಗೆ ಬರತೀವಿ. ನಡುವ ನೀರು ಕುಡಿಯಂಗಿಲ್ಲ. ನೀರು ಇಲ್ಲ ಅಂತಲ್ಲ. ಕುಡದ್ರ ಹೋಗಬೇಕಲ್ಲ, ಎಲ್ಲಿಗೆ ಹೋಗೂದು? ಕಚೇರಿದು ಐತಿ, ಕೀಲಿ ಹಾಕಿರತೈತಿ. ಖಾರದಾಗ ಕುಂತು ನೀರು ಕುಡೀಲಾರದ ಇರೂದು ಹೆಂಗ ಅಂತ ಒಂದು ದಿನ ಮಾಡಿ ನೋಡ್ರಿ."

ಅಷ್ಟು ಹೇಳಿ ಕೂತರು. ಹಳದಿ ಬಟ್ಟೆಯೂ ಏರಿರಲಿಲ್ಲ.

ಅಂದಿನ ವಿಮರ್ಶೆಯ ಸರದಿ ಚೀಟಿ ಎತ್ತಿ ಮೊದಲೇ ಗೊತ್ತಾಗಿತ್ತು. ಸರದಿ ಆ ದಲಾಲರ ಮಗನದ್ದು. ನಮ್ಮಲ್ಲಿ ಒಬ್ಬರು, "ಬೇಕಾದ್ರ ಬ್ಯಾರೆಯವರು ಮಾಡ್ಲಿ" ಅಂತ ಮೆಲ್ಲಗೆ ಹೇಳಿದರು. ಅವರು ತಲೆ ಅಲ್ಲಾಡಿಸಿ ಎದ್ದರು. ನಿಯಮದ ಪ್ರಕಾರ ಮೊದಲು ಕೇಳಿದ್ದನ್ನು ಹೇಳಬೇಕು.

"ನಾ ಕೇಳಿದ್ದು..." ಅಂತ ಶುರು ಮಾಡಿ ನಿಲ್ಲಿಸಿದರು. ಹುಣಸೆಬೀಜ ಹಾಕುವವರು ಬೀಜ ಹಾಕಲಿಲ್ಲ. "ನಾ ಕೇಳಿದ್ದು, ನಮ್ಮ ಗೋದಾಮಿಗೆ ಕೆಲಸಕ್ಕ ಬರೋ ಹೆಣ್ಮಕ್ಕಳು ಮುಂಜಾನೆಯಿಂದ ಸಂಜಿತನಕಾ ನೀರು ಕುಡಿಯಂಗಿಲ್ಲ. ಯಾಕಂದ್ರ ನಮ್ಮ ಕಚೇರಿ ಪಾಯಖಾನೆಗೆ ನಾವು ಕೀಲಿ ಹಾಕಿರತೀವಿ."

ಅಕ್ಕನ ಭಾಷಣದಲ್ಲಿ "ನಮ್ಮ ಗೋದಾಮು" ಇರಲಿಲ್ಲ. ಅದನ್ನು ಸೇರಿಸಿದ್ದು ಅವರೇ.

ಅಕ್ಕ ನೆಲ ನೋಡುತ್ತಾ, "ಹೌದ್ರೀ, ನಾ ಹೇಳಿದ್ದು ಅದ" ಅಂದರು. ಮುಂದೆ ಅವರು ದನಿ, ನಿಲ್ಲುವ ರೀತಿ ಅಂತ ಏನೋ ಎರಡು ಮಾತು ಹೇಳಿ ಕೂತರು. ಅದು ಯಾರಿಗೂ ನೆನಪಿಲ್ಲ.

ಸುದ್ದಿ ಮಾಡಬೇಕೋ ಬೇಡವೋ

ಇಲ್ಲಿ ನಮ್ಮ ಕಸುಬಿನ ಪ್ರಶ್ನೆ ಬಂತು. ಮೂವರು ವರದಿಗಾರರ ಎದುರಿಗೆ ನಡೆದ ಮಾತು ಅದು. ಮರುದಿನವೇ ಮೂರು ಪತ್ರಿಕೆಯಲ್ಲಿ ಬರೆಯಬಹುದಾಗಿತ್ತು. ಒಳ್ಳೆ ಸುದ್ದಿ. ನಮಗೂ ನಾಲ್ಕು ಕಾಸು.

ಅಕ್ಕನನ್ನು ಕೇಳಿದೆವು. "ಬ್ಯಾಡ್ರಿ" ಅಂದರು. "ನೀವು ಬರದ್ರ ನಿಮ್ಮ ಹೆಸರು ಬರತೈತಿ. ಮುಂದಿನ ಸೀಸನ್ನಿಗೆ ಕೆಲಸ ಇಲ್ಲ ಅಂದ್ರ ನನ್ನ ಜೋಡಿ ಇನ್ನೂ ಹನ್ನೆರಡು ಮಂದಿ ಮನ್ಯಾಗ ಕುಂದ್ರತಾರ." ಬರೆಯಲಿಲ್ಲ. ಅಂದಿನಿಂದ ಕೂಟಕ್ಕೆ ಇನ್ನೊಂದು ನಿಯಮ ಸೇರಿತು. ಇಲ್ಲಿ ಆಡಿದ ಮಾತು, ಆಡಿದವರು ಹೇಳದೆ ಸುದ್ದಿ ಆಗುವುದಿಲ್ಲ. ಈ ಬರಹಕ್ಕೂ ಮೊದಲು ಅವರನ್ನೂ, ಆ ಯುವಕನನ್ನೂ ಕೇಳಿದೆವು. ಹೆಸರು, ಅಂಗಡಿ, ಊರು ಬೇಡ ಅಂತ ಇಬ್ಬರೂ ಹೇಳಿದರು. ಅಕ್ಕನಿಗೆ ಇದನ್ನು ಪೂರ್ತಿ ಓದಿ ಹೇಳಿದ್ದೇವೆ.

ಆ ಭಾನುವಾರ ಆದ ಮೇಲೆ ಎರಡು ಸಭೆಗೆ ಅಕ್ಕ ಬರಲಿಲ್ಲ. ಅವರ ಹಳ್ಳಿಗೆ ಹೋಗಿ ಕೇಳೋಣ ಅಂದರೆ, ನಾವು ಹೋದದ್ದೇ ಊರಿಗೆ ಸುದ್ದಿ ಆಗುತ್ತದೆ. ಕಂಡಕ್ಟರ್ ಅಣ್ಣ ತಮ್ಮ ಬಸ್ಸಿನಲ್ಲಿ ಸಿಕ್ಕಾಗ ಶೂನ್ಯ ಟಿಕೆಟ್ ಕೈಗಿಟ್ಟು, "ಅಕ್ಕಾರ, ನಿಮ್ಮ ಕುರ್ಚಿ ಖಾಲಿ ಐತಿ" ಅಂತ ಅಷ್ಟೇ ಹೇಳಿದರಂತೆ. ಮೂರನೇ ಸಭೆಗೆ ಬಂದರು.

ಸೀಸನ್ನು ಶುರುವಾದಾಗ ಗೋದಾಮಿನ ಕಚೇರಿಯ ಹೊರಗೆ ಒಂದು ಮೊಳೆ, ಮೊಳೆಗೆ ಒಂದು ಕೀಲಿಕೈ. ಹೆಣ್ಣುಮಕ್ಕಳು ಬೇಕಾದಾಗ ತೆಗೆದುಕೊಳ್ಳಬಹುದು. ಇಷ್ಟೇ ಆದದ್ದು. ಮಗನಿಗೂ ಅಪ್ಪನಿಗೂ ಈ ಮೊಳೆಯ ಮೇಲೆ ಮನೆಯಲ್ಲಿ ಎಂಟು ದಿನ ಮಾತು ನಡೆಯಿತು ಅಂತ ಆಮೇಲೆ ತಿಳಿಯಿತು. ಕೂಲಿ ಹೆಚ್ಚಾಗಿಲ್ಲ. ಪಕ್ಕದ ಗೋದಾಮುಗಳಲ್ಲಿ ಮೊಳೆ ಬಂದಿಲ್ಲ. ಅಕ್ಕನಿಗೆ ಕೆಲಸ ಹೋಗಲಿಲ್ಲ. ಮಧ್ಯಾಹ್ನ ನೀರು ಕುಡಿಯುತ್ತಾರೆ.

ಇದನ್ನು ನಾವು ಸುದ್ದಿ ಮಾಡಿದ್ದರೆ ಕೀಲಿ ಬೇಗ ತೆರೆಯುತ್ತಿತ್ತೋ, ಅಕ್ಕ ಕೆಲಸ ಕಳೆದುಕೊಳ್ಳುತ್ತಿದ್ದರೋ, ಎರಡೂ ಆಗುತ್ತಿತ್ತೋ, ಮೂವರೂ ಇವತ್ತಿಗೂ ವಾದ ಮಾಡುತ್ತೇವೆ. ಬ್ಯಾಂಕಿನ ಮಾತು ಮಾತ್ರ ಖಾತ್ರಿ. ಸಂಘದ ಸಾಲದ ಅರ್ಜಿ ಹಿಡಿದು ಅಕ್ಕ ಮ್ಯಾನೇಜರ್ ಮುಂದೆ ನಿಂತು ಮಾತಾಡಿ ಬಂದರು. "ಬಾಯಿ ಒಣಗಲಿಲ್ಲ" ಅಂದರು.

ನಿಮ್ಮೂರಲ್ಲಿ ಮಾಡಬೇಕು ಅಂದರೆ

ಕೂಟದಲ್ಲಿ ಎಲ್ಲರೂ ಒಳ್ಳೆಯವರು, ಅದಕ್ಕೇ ಮಾತು ಕೂಡಿತು ಅಂತಲ್ಲ. ಹೊರಗೆ ಹೋದ ಮೇಲೆ ಅವರವರ ಓಣಿ ಅವರವರಿಗೆ. ಮದುವೆಗೆ ಕರೆಯುವವರ ಪಟ್ಟಿ ಈಗಲೂ ಮೊದಲಿನಂತೆಯೇ ಇದೆ, ಒಂದೆರಡು ಹೆಸರು ಸೇರಿರಬಹುದು. ಒಳಗೆ ಮಾತ್ರ ಆರು ನಿಮಿಷ ದಲಾಲರ ಮಗನಿಗೂ ಆರೇ, ತುಂಬು ಬಿಡಿಸುವ ಅಕ್ಕನಿಗೂ ಆರೇ. ಆ ಹೊತ್ತಿನಲ್ಲಿ ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೇಳಿದ್ದನ್ನು ತಿರುಗಿ ಹೇಳಬೇಕು. ಹೊರಗೆ ಇಂಥ ಜಾಗ ನಮಗೆ ಸಿಕ್ಕಿಲ್ಲ.

ದುಡ್ಡು ಹೆಚ್ಚು ಬೇಡ. ಭಾನುವಾರ ಖಾಲಿ ಇರುವ ಒಂದು ಕೋಣೆ, ಶಾಲೆ ಆದರೂ ಸರಿ, ಗ್ರಂಥಾಲಯ ಆದರೂ ಸರಿ. ಹತ್ತು ಜನ ಸಾಕು, ಆದರೆ ಹತ್ತೂ ಜನ ಒಂದೇ ಓಣಿಯವರಾದರೆ ಅದು ಚಹಾದಂಗಡಿಯೇ. ಮೊಬೈಲಿನಲ್ಲಿ ಗಡಿಯಾರ ಇದೆ. ಬಟ್ಟೆ ತುಂಡು ಯಾವ ಟೈಲರ್ ಆದರೂ ಕೊಡುತ್ತಾರೆ. ಕುರ್ಚಿಗಳನ್ನು ಸಾಲಾಗಿ ಇಡಬೇಡಿ, ಸುತ್ತ ಇಡಿ. ಸಾಲು ಇದ್ದರೆ ಮುಂದಿನ ಸಾಲು ಹುಟ್ಟುತ್ತದೆ. ವೇಳೆ ಗೊತ್ತು ಮಾಡುವ ಮೊದಲು ಕೊನೆಯ ಬಸ್ಸು ಕೇಳಿ. ಊರಿನ ಗಣ್ಯರನ್ನು ಉದ್ಘಾಟನೆಗೆ ಕರೆದರೆ ಮೊದಲ ಸಭೆ ಅವರ ಭಾಷಣಕ್ಕೇ ಮುಗಿಯುತ್ತದೆ, ಅದನ್ನೂ ವಿಚಾರ ಮಾಡಿ.

ಮುಂದಿನ ಭಾನುವಾರ ನಮ್ಮಲ್ಲಿ ದಲಾಲರ ಮಗನ ಭಾಷಣ ಇದೆ. ವಿಷಯ, ಮೆಣಸಿನಕಾಯಿ ರೇಟು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ. ಹೇಳಲು ಬಹಳ ಇದೆ, ಹತ್ತು ನಿಮಿಷ ಕೊಡಿ ಅಂತ ಕೇಳಿದ್ದರು. ಆಗುವುದಿಲ್ಲ ಅಂದೆವು. ಅಂದು ವೇಳೆ ನೋಡುವ ಸರದಿ ಅಕ್ಕನದ್ದು. ಕೆಂಪು ಬಟ್ಟೆ ಅವರ ಕೈಯಲ್ಲಿರುತ್ತದೆ.